ಕಿಟ್ ಇಲ್ಲದೆ ಎನ್‌ಡಿಎಂ, ಆಕ್ಸಾ-48 ಪತ್ತೆ: ನನ್ನ ಅನುಭವ

ಡಿಎನ್‌ಎ ಬೇರ್ಪಡಿಸುವ ಕಿಟ್ ಇಲ್ಲದೆ, ಕುದಿಸಿದ ಬ್ಯಾಕ್ಟೀರಿಯಾ ಕಾಲನಿಯಿಂದಲೇ ಐಸಿಯು ಮಾದರಿಗಳ ಎನ್‌ಡಿಎಂ ಮತ್ತು ಆಕ್ಸಾ-48 ಜೀನ್‌ಗಳನ್ನು (ಮೆರೊಪೆನೆಮ್‌ನಂಥ ಆಂಟಿಬಯೋಟಿಕ್‌ಗಳನ್ನು ಒಡೆಯುವ ಕಾರ್ಬಪೆನಮೇಸ್ ಕಿಣ್ವಗಳ ಜೀನ್‌ಗಳು) ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕನ್ನು ಅನೇಕ ಪಟ್ಟು ನಕಲು ಮಾಡುವ ವಿಧಾನ) ಹಿಡಿಯುತ್ತೇನೆ ಎಂದಾಗ ನಕ್ಕವರು ಒಬ್ಬಿಬ್ಬರಲ್ಲ. ವಿಜಯಪುರದ ನಮ್ಮ ಪ್ರಯೋಗಾಲಯದಲ್ಲಿ ಈಗ ಅದು ನಿತ್ಯದ ಕೆಲಸವಾಗಿದೆ.

ಇ. ಕೋಲೈ ತಳಿಗಳು ಆರಂಭದಲ್ಲೇ ಒಲಿದವು. ಬೆಂಡೆಕಾಯಿಯ ಲೋಳೆಯಂತೆ ಎಳೆಯುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಕಾಲನಿಗಳು ಮಾತ್ರ ತಿಂಗಳುಗಟ್ಟಲೆ ಕಾಡಿದವು. ಎಲ್ಲ ನಳಿಕೆಗಳಲ್ಲೂ ಬರಲೇಬೇಕಾದ 16ಎಸ್ (ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ಜೀನ್) ಬ್ಯಾಂಡ್ ಕೂಡ, ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಕಾಣದಿದ್ದಾಗ, ಬ್ಯಾಕ್ಟೀರಿಯಾ ಕವಚದ ಪಾಲಿಸ್ಯಾಕರೈಡ್, ಡಿಎನ್‌ಎ ನಕಲು ಮಾಡುವ ಟ್ಯಾಕ್ ಕಿಣ್ವವನ್ನೇ ತಡೆಯುತ್ತಿದೆ ಎಂಬುದು ಸ್ಪಷ್ಟವಾಯಿತು. ಡಿಎನ್‌ಎ ಹೆಚ್ಚು ಹಾಕಿದಷ್ಟೂ ಫಲಿತಾಂಶ ಕೆಡುತ್ತಿತ್ತು. ಆದ್ದರಿಂದ ಕಾಲನಿಯ ತುದಿಯನ್ನಷ್ಟೇ ತೆಗೆದು, ಹತ್ತು ನಿಮಿಷ ಕುದಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಹತ್ತು ಪಟ್ಟು ತೆಳುಗೊಳಿಸಿದೆ. ಆಕ್ಸಾ-48ರ 438 ಮತ್ತು ಎನ್‌ಡಿಎಂನ 621 ಬೇಸ್‌ಪೇರ್‌ಗಳ (ಡಿಎನ್‌ಎ ಉದ್ದದ ಅಳತೆ) ಬ್ಯಾಂಡ್‌ಗಳು ಒಂದೇ ಜೆಲ್‌ನಲ್ಲಿ ನಿಚ್ಚಳವಾಗಿ ಬಂದವು. ಕುದಿಸುವ ನೀರಿಗೆ ನಾನು ಸೇರಿಸುವ ಒಂದು ಪದಾರ್ಥವಿದೆ. ಪ್ರಬಂಧ ಅಚ್ಚಾಗುವವರೆಗೆ ಅದು ನನ್ನಲ್ಲೇ ಇರಲಿ.

ಹಣದ ಮಾತಿಗೆ ಬಂದರೆ, ಇಂಥ ಜೀನ್‌ಗಳನ್ನು ಪತ್ತೆಮಾಡುವ ಸಿದ್ಧ ಕಾರ್ಟ್ರಿಜ್‌ಗೆ ಕೆಲವು ಸಾವಿರ ರೂಪಾಯಿ ತಗಲುವಲ್ಲಿ ನಮಗೆ ಮಾದರಿಯೊಂದಕ್ಕೆ ಸುಮಾರು ಇನ್ನೂರು ಸಾಕಾಗುತ್ತದೆ. ರಿಯಾಕ್ಷನ್ನಿನ ಪ್ರಮಾಣವನ್ನು 25 ಮೈಕ್ರೋಲೀಟರ್‌ನಿಂದ ಅರ್ಧಕ್ಕೆ ಇಳಿಸಿದ್ದು ದೊಡ್ಡ ಉಳಿತಾಯ. ಆದರೆ ಒಂದು ಏಪ್ರಿಲ್‌ನಲ್ಲಿ ಕೊರಿಯರ್ ಡಬ್ಬಿಯ ಐಸ್ ಪೂರ್ತಿ ಕರಗಿ, ಆರೇಳು ಸಾವಿರದ ಟ್ಯಾಕ್ ಹಾಳಾಯಿತು. ಅದೇ ಡಬ್ಬಿಯಲ್ಲಿದ್ದ ಒಣ ಪ್ರೈಮರ್‌ಗಳಿಗೆ (ಬೇಕಾದ ಜೀನನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಏನೂ ಆಗಿರಲಿಲ್ಲ. ಈಗ ಬೇಸಿಗೆಗೆ ಬೇಕಾಗುವ ಕಿಣ್ವವನ್ನು ಜನವರಿಯಲ್ಲೇ ತರಿಸುತ್ತೇನೆ.

ನಡುವೆ, ರೋಗಿಯ ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸುವ ಬ್ಲಡ್ ಕಲ್ಚರ್ ಬಾಟಲಿಯಿಂದ ನೇರವಾಗಿ ಪಿಸಿಆರ್ ಮಾಡುವ ಹುಚ್ಚೂ ಹಿಡಿದಿತ್ತು. ರಕ್ತ ಹೆಪ್ಪುಗಟ್ಟದಂತೆ ಅದರಲ್ಲಿ ಬೆರೆಸುವ ಎಸ್‌ಪಿಎಸ್ ಎಂಬ ರಾಸಾಯನಿಕ ಪಿಸಿಆರ್‌ನ ಕಡುವೈರಿ. ಎಷ್ಟು ತೊಳೆದರೂ ನಂಬಬಹುದಾದ ಬ್ಯಾಂಡ್ ಬರಲಿಲ್ಲವಾದ್ದರಿಂದ ಕೈಬಿಟ್ಟೆ.

ಬ್ಯಾಕ್ಟೀರಿಯಾ ಮೆರೊಪೆನೆಮ್ ಅನ್ನು ಒಡೆಯುತ್ತದೆಯೇ ಎಂದು ನೋಡುವ ಎಂಸಿಐಎಂ ಪರೀಕ್ಷೆಯನ್ನು ಜೊತೆಯಲ್ಲೇ ಇಟ್ಟು ನೋಡಿದಾಗ ಹೆಚ್ಚುಕಡಿಮೆ ಎಲ್ಲ ಕ್ಲೆಬ್ಸಿಯೆಲ್ಲಾ ತಳಿಗಳಲ್ಲೂ ಎರಡೂ ತಾಳೆಯಾದವು, ಆದರೆ ಅದು ಮರುದಿನದ ಫಲಿತಾಂಶ, ನಮ್ಮದು ಅದೇ ಸಂಜೆಯದು. ಆಕ್ಸಾ-48 ಒಂದೇ ಇದ್ದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಔಷಧಿ ಸಾಮಾನ್ಯವಾಗಿ ನಡೆಯುತ್ತದೆ, ಎನ್‌ಡಿಎಂ ಇದ್ದರೆ ಅದಕ್ಕೆ ಅಜ್ಟ್ರಿಯೋನಾಮ್ ಅನ್ನೂ ಜೊತೆಗೂಡಿಸಬೇಕಾಗುತ್ತದೆ; ಹಾಗಾಗಿ ಆ ಒಂದು ರಾತ್ರಿಯ ಬೆಲೆ ಐಸಿಯು ವೈದ್ಯರಿಗೆ ಗೊತ್ತು. ಮೆರೊಪೆನೆಮ್‌ಗೆ ಬಗ್ಗದ ತಳಿಯಲ್ಲಿ ಎರಡೂ ಬ್ಯಾಂಡ್ ಬಾರದಿದ್ದರೆ, ಪೋರಿನ್ (ಔಷಧಿ ಒಳಹೋಗುವ ರಂಧ್ರದ ಪ್ರೋಟೀನ್) ನಷ್ಟವೋ ಬೇರೆ ಜೀನೋ ಕಾರಣವಿರಬಹುದಾದ್ದರಿಂದ, ‘ಕಾರ್ಬಪೆನಮೇಸ್ ಇಲ್ಲ’ ಎಂದು ನಾನು ವರದಿ ಕೊಡುವುದಿಲ್ಲ. ‘ಈ ಎರಡು ಜೀನ್‌ಗಳು ಕಂಡುಬಂದಿಲ್ಲ’ ಎಂದಷ್ಟೇ ಬರೆದು ಸಹಿ ಹಾಕುತ್ತೇನೆ.