ಬೇಲೂರು ಬಲ್ಲವರಿಗೆ ಮ್ವಾಸಾಕ್: ನೋಡುವ ಕ್ರಮ

ಹಾಸನ ಸೀಮೆಯಿಂದ ಫ್ರಾನ್ಸಿನ ತುಲೂಸ್‌ಗೆ ಕೆಲಸಕ್ಕೋ ಓದಿಗೋ ಹೋದವರು ರೈಲು ಹತ್ತಿ, ಮೊಂತೊಬಾನ್ ದಾಟಿ, ಮ್ವಾಸಾಕ್‌ಗೆ ಹೋಗಿಬರಬಹುದು. ತಾರ್ನ್ ನದಿ ದಂಡೆಯ ಸಣ್ಣ ಊರು. ಇಲ್ಲಿನ ಸಂತ ಪೀಟರ್ ಮಠದ ಕೈಸಾಲೆ (ಅಂಗಳದ ಸುತ್ತಲಿನ ಕಂಬಸಾಲಿನ ಹಾದಿ) 1100ರದು; ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಕಾಲ ಹತ್ತಿರ, ನೋಡುವ ಕ್ರಮ ಬೇರೆ. ಜಗತಿ (ಗುಡಿ ನಿಂತ ಎತ್ತರದ ಕಟ್ಟೆ) ಹತ್ತಿ ಹೊರಗೋಡೆ ಸುತ್ತುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ: ಚರ್ಚಿಗೆ ಪ್ರದಕ್ಷಿಣೆ ಹಾಕಿದರೆ ಬಹುಪಾಲು ಬೋಳು ಗೋಡೆಯೇ. ನೇರ ದಕ್ಷಿಣದ ಬಾಗಿಲಿಗೆ ಹೋಗಿ.

ಮೊದಲೇ ಕನ್ನಡ ಬೈಬಲ್ಲಿನ ‘ಪ್ರಕಟನೆ’ 4ನೇ ಅಧ್ಯಾಯ ಓದಿಕೊಂಡಿರಿ. ಬಾಗಿಲ ಮೇಲಿನ ಅರೆವೃತ್ತದ ಫಲಕದಲ್ಲಿರುವುದು ಅದೇ: ನಡುವೆ ಸಿಂಹಾಸನದಲ್ಲಿ ಕ್ರಿಸ್ತ, ಸುತ್ತ ಮನುಷ್ಯ, ಸಿಂಹ, ಹೋರಿ, ಹದ್ದು. ಕಿರೀಟ ತೊಟ್ಟ 24 ಹಿರಿಯರನ್ನು ಎಣಿಸಿ. ಕೆಳಸಾಲಿನಲ್ಲಿ 14, ನಡುಸಾಲಿನಲ್ಲಿ 6, ಮೇಲೆ 4. ಲೆಕ್ಕ ಕಡಿಮೆ ಬಂದರೆ ಅಂಚಿನವರನ್ನು ಬಿಟ್ಟಿರುತ್ತೀರಿ. ಒಬ್ಬೊಬ್ಬರ ಕತ್ತೂ ಒಂದೊಂದು ಬಗೆಯಲ್ಲಿ ಹೊರಳಿ ಕ್ರಿಸ್ತನತ್ತ ನೋಡುವುದೇ ಈ ಫಲಕದ ಜೀವ. ಕತ್ತು ನೋಯುತ್ತದೆ, ದುರ್ಬೀನು ಇರಲಿ.

ಇನ್ನು ಬಾಗಿಲ ನಡುಗಂಬ. ಎದುರು ನಿಂತರೆ ಒಂದಕ್ಕೊಂದು ಹೆಣೆದುಕೊಂಡ ಸಿಂಹಗಳು ಮಾತ್ರ ಕಾಣುತ್ತವೆ. ಹೊಸಿಲ ಹತ್ತಿರ ಬಂದು ಪಕ್ಕಕ್ಕೆ ಬಗ್ಗಿ: ಪ್ರವಾದಿ ಯೆರೆಮೀಯ ಅಲ್ಲಿದ್ದಾನೆ. ಮದನಿಕೆಯರ ಬಳುಕು ಕಂಡವರಿಗೂ ಆ ನೀಳ ಮೈಯ ತಿರುವು ಅಚ್ಚರಿಯೇ. ಮುಖಮಂಟಪದ ಎಡಗೋಡೆಯಲ್ಲಿ ಐಶ್ವರ್ಯವಂತ ಮತ್ತು ಲಾಜರನ ಕಥೆಯಿದೆ, ಲೂಕ 16ನೇ ಅಧ್ಯಾಯ. ಬಲಗೋಡೆಯಲ್ಲಿ ಯೇಸುವಿನ ಬಾಲ್ಯ.

ಕೈಸಾಲೆಗೆ ಟಿಕೆಟ್ ಬೇಕು. ಒಳಗೆ 76 ಬೋದಿಗೆಗಳು, ಅಂದರೆ ಕಂಬದ ತಲೆಯ ಕೆತ್ತಿದ ಕಲ್ಲುಗಳು. ಹಳೇಬೀಡಿನ ಪಟ್ಟಿಕೆಯ ಹಾಗೆ ಕಥೆ ಸಾಲಾಗಿ ಮುಂದುವರಿದೀತು ಎಂದು ಕಾಯಬೇಡಿ. ಪಕ್ಕಪಕ್ಕದ ಬೋದಿಗೆಗಳಿಗೆ ಸಂಬಂಧವೇ ಇರದೆ ಹೋಗಬಹುದು. ಕಥೆಯಿರುವ ಬೋದಿಗೆಯಲ್ಲಿ ಅದು ನಾಲ್ಕೂ ಮುಖಕ್ಕೆ ಸುತ್ತುತ್ತದೆ. ಒಂದು ಮುಖ ಅಂಗಳದ ಕಡೆಗಿರುವುದರಿಂದ ಪಕ್ಕದ ಕಮಾನಿನಿಂದ ಇಣುಕಬೇಕು. ಪಶ್ಚಿಮ ಸಾಲಿನ ನಡುವಿನ ಕಂಬದಲ್ಲಿ 1100ರ ಶಾಸನವಿದೆ. ಅದರಲ್ಲಿ ಮಠಾಧಿಪತಿ ಆನ್‌ಸ್ಕಿತಿಲನ ಹೆಸರಿದೆ, ಶಿಲ್ಪಿಯದಿಲ್ಲ. ಬೇಲೂರಿನ ಶಿಲ್ಪಿಗಳಾದ ದಾಸೋಜ, ಚಾವಣರ ರುಜುವಿನಂಥದ್ದನ್ನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ.

ಬೋದಿಗೆಯ ಮೇಲಿನ ಚೂಪು ಕಮಾನುಗಳನ್ನು ಅದೇ ಕಾಲದವೆಂದು ಬಗೆಯಬೇಡಿ. ಅವು 13ನೇ ಶತಮಾನದಲ್ಲಿ ಮತ್ತೆ ಕಟ್ಟಿದವು. ಮುಖ ಒಡೆದ ವಿಗ್ರಹಗಳಲ್ಲಿ ಹಲವು ಫ್ರೆಂಚ್ ಕ್ರಾಂತಿಯ ಕಾಲದ ಗಾಯ. 1850ರ ದಶಕದಲ್ಲಿ ರೈಲುಹಳಿಗಾಗಿ ಮಠದ ಭೋಜನಶಾಲೆಯನ್ನೇ ಕೆಡವಿದರು. ನೀವು ಬಂದ ರೈಲು ಅದೇ ಹಳಿಯದು.