ಅಡಿಕೆ ದೋಟಿ, ಜೋನಿ ಬೆಲ್ಲ ಮತ್ತು 10 ಕಿಲೋಮೀಟರ್

ಗಂಜಿ ತಿಳಿ ಕುಡಿಸಿ, ನಾನು ತರಬೇತಿ ಕೊಡುವ ಹುಡುಗಿಯನ್ನು ತೆರೆದ ನೀರಿನ ರೇಸಿನಲ್ಲಿ 10 ಕಿ.ಮೀ. ಈಜಿಸುತ್ತೇನೆ ಅಂದಾಗ ಎದುರಿಗೇ ನಕ್ಕವರಿದ್ದಾರೆ. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಅಳತೆ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಸ್ಟ್ರೋಕ್, ಸೈಟಿಂಗ್ (ತಲೆ ಎತ್ತಿ ದಾರಿ ನೋಡುವುದು) ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ನನ್ನ ತಲೆಬಿಸಿ ಇದ್ದದ್ದು ರೇಸಿನ ನಡುವೆ ಕುಡಿಸುವ ಫೀಡಿಂಗ್‌ನದ್ದು. ಮಹಿಳೆಯರ 10 ಕಿ.ಮೀ. ಅಂದರೆ ಮೇಲಿನವರಿಗೇ ಎರಡು ಗಂಟೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಈ ಸ್ಪರ್ಧೆ ಮೊದಲ ಸಲ ಸೇರಿದಾಗ ರಷ್ಯಾದ ಲಾರಿಸಾ ಇಲ್ಚೆಂಕೊ ಗೆದ್ದದ್ದು 1 ಗಂಟೆ 59 ನಿಮಿಷದಲ್ಲಿ. ಅವಳು ಪೂರ್ತಿ ರೇಸ್ ಬೇರೆಯವರ ಕಾಲಿನ ಹಿಂದೆಯೇ ಇದ್ದು ಕೊನೆಗೆ ನುಗ್ಗಿದಳು. ಮುಂದಿನವರು ನೀರು ಸೀಳಿಕೊಡುವ ಆ ಕಾಲಿನ ಹಿಂದಿನ ಜಾಗ ಇದೆಯಲ್ಲ, ಕುಡಿಯಲಿಕ್ಕೆ ನಾಲ್ಕು ಸೆಕೆಂಡ್ ಜಾಸ್ತಿ ತಗೊಂಡರೆ ಅದು ಹೋಯಿತು. ಆಮೇಲೆ ಒಬ್ಬಳೇ ನೀರು ಸೀಳಬೇಕು.

ಮೊದಲ ವರ್ಷ ಎಲ್ಲರ ಹಾಗೆ ಶಕ್ತಿಗೆ ಕುಡಿಸುವ ಹೊರದೇಶದ ಜೆಲ್ ತರಿಸಿದೆ. ಒಂದು ಪೊಟ್ಟಣಕ್ಕೆ 180 ರೂಪಾಯಿಯೋ 200 ರೂಪಾಯಿಯೋ ಇತ್ತು. ದಿನಕ್ಕೆ ನಾಲ್ಕು ಬೇಕು. ಮೇಲಿಂದ ಬೋಟಿನ ಎಣ್ಣೆಗೆ ಬೆಳಿಗ್ಗೆಗೆ 600–700. ಎರಡು ತಿಂಗಳಲ್ಲಿ ನನ್ನ ಬಳೆ ಗಿರವಿಗೆ ಹೋಯಿತು. ಅಷ್ಟಾಗಿ ಆದದ್ದೇನು? ಕಾರವಾರದ ಕೂರ್ಮಗಡ ನಡುಗಡ್ಡೆಯ ಹತ್ತಿರ, ಸುಮಾರು 6 ಕಿ.ಮೀ. ಆದಮೇಲೆ, ಎಲ್ಲ ವಾಂತಿ. ಬಾಯಲ್ಲಿ ಉಪ್ಪುನೀರು, ಮೇಲೆ ಆ ಅಂಟು ಸಿಹಿ, ಹೊಟ್ಟೆ ಒಪ್ಪಲಿಲ್ಲ. ಎಳನೀರು ಕೊಟ್ಟು ನೋಡಿದೆ, ಶಕ್ತಿ ಸಾಲಲಿಲ್ಲ. ರಾಗಿ ಅಂಬಲಿ ಬಾಟಲಿಯ ತಳಕ್ಕೆ ಕೂತುಬಿಡುತ್ತಿತ್ತು.

ಗಂಜಿ ನೆನಪಾದದ್ದು ನಮ್ಮ ಅಮ್ಮನಿಂದ. "ನಿನ್ನ ಅಪ್ಪ ರಂಪಣಿ ಬಲೆ ಎಳೆಯಲಿಕ್ಕೆ ಹೋಗುವಾಗ ಏನು ಕುಡಿದು ಹೋಗುತ್ತಿದ್ದರು, ಮರೆತುಹೋಯಿತಾ?" ಅಂದಳು. ಕುಚಲಕ್ಕಿ ಗಂಜಿ ಮಾಡಿ, ಅಗುಳು ಒಂದೂ ಇರದ ಹಾಗೆ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಒಂದು ಲೀಟರ್ ತಿಳಿಗೆ ಎರಡು ಸೌಟು ಜೋನಿ ಬೆಲ್ಲ (ನೀರಾಗಿರುವ ಬೆಲ್ಲ), ಎರಡು ಚಿಟಿಕೆ ಸಾಣಿಕಟ್ಟಾ ಉಪ್ಪು. ಇನ್ನು ಮುರುಗಲು (ಕೋಕಂ). ಅದು ಬಾಯಿಯ ಉಪ್ಪನ್ನು ಕಡಿಯುತ್ತದೆ, ಆದರೆ ಎಷ್ಟು, ಯಾವಾಗ ಅನ್ನೋದನ್ನು ಹೇಳಲಾರೆ. ಮೂರು ತಿಂಗಳು ಕೂತು ಹುಡುಕಿದ್ದು ಅದು. ಮೊದಲು ಮಾಡಿದ್ದು ದಪ್ಪವಾಗಿ ಅದೂ ಹೊರಗೆ ಬಂತು. ಪಾನಕದಷ್ಟು ತೆಳ್ಳಗಾದ ಮೇಲೆ ಒಂದು ಸಲವೂ ವಾಂತಿಯಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಏಪ್ರಿಲ್ ಕೊನೆಗೆ ನಮ್ಮ ನೀರು 30 ಡಿಗ್ರಿ ಮುಟ್ಟುತ್ತದೆ. 2010ರಲ್ಲಿ ಫುಜೈರಾದಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪನ್ ಬೆಚ್ಚನೆ ನೀರಿನ ರೇಸಿನಲ್ಲೇ ತೀರಿಕೊಂಡ. ಆಮೇಲೆಯೇ 31 ಡಿಗ್ರಿ ದಾಟಿದರೆ ಸ್ಪರ್ಧೆ ಇಲ್ಲ ಅನ್ನುವ ನಿಯಮ ಬಂದದ್ದು. ಅದನ್ನು ಓದಿದಾಗಿನಿಂದ ಬಿಸಿಲ ದಿನ ನನಗೆ ಹೆದರಿಕೆ. ಬೈತಖೋಲದ ಮೀನು ಬಂದರಿನಿಂದ ಐಸ್ ತಂದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಾಟಲಿ ಇಟ್ಟೆ. ಮೊದಲ ಪೆಟ್ಟಿಗೆ ಬಂಗುಡೆಯದ್ದು, ಗಂಜಿಗೂ ಬಂಗುಡೆ ವಾಸನೆ ಹತ್ತಿತು. ಹೊಸ ಪೆಟ್ಟಿಗೆ ತಂದೆ. ತಣ್ಣಗಿನ ತಿಳಿ ಕುಡಿದ ದಿನ ಅವಳ ಕೊನೆಯ 2 ಕಿ.ಮೀ. ಸುಮಾರು ಒಂದು ನಿಮಿಷ ಬೇಗ ಆಗುತ್ತಿತ್ತು.

ಇನ್ನು ಕೋಲು. ರೇಸಿನಲ್ಲಿ ಕೋಚ್ ಪಾಂಟೂನಿನ (ನೀರಿನ ಮೇಲೆ ತೇಲುವ ಕಟ್ಟೆ) ಮೇಲೆ ನಿಂತು ಕೋಲಿನ ತುದಿಯಲ್ಲಿ ಲೋಟ ಚಾಚಬೇಕು. ಕೋಲು 5 ಮೀಟರ್ ದಾಟುವ ಹಾಗಿಲ್ಲ, ತುದಿಯಿಂದ ಹಗ್ಗ-ಗಿಗ್ಗ ನೇತಾಡುವ ಹಾಗಿಲ್ಲ. ಬಿದಿರು ನೀರು ಕುಡಿದು ಭಾರವಾಯಿತು. ಅಲ್ಯೂಮಿನಿಯಂ ಪೈಪ್ ಬಾಗಿ ಲೋಟ ಅಲ್ಲಾಡಿ ಅರ್ಧ ಸಮುದ್ರಕ್ಕೇ ಹೋಯಿತು. ಸಿರಸಿಯಲ್ಲಿ ನೆಂಟರ ತೋಟಕ್ಕೆ ಹೋದಾಗ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ನೋಡಿದೆ. ಕೈಯಲ್ಲಿ ಹಿಡಿದರೆ ಹೂವಿನ ಹಾಗೆ! ಹೊಸದಕ್ಕೆ ಸಾವಿರಗಟ್ಟಲೆ ದುಡ್ಡು. ಅವರ ಕೊಟ್ಟಿಗೆಯಲ್ಲಿ ಮುರಿದದ್ದೊಂದು ಬಿದ್ದಿತ್ತು. ಭಾವ "ತಗೊಂಡು ಹೋಗು ಮಾರಾಯ್ತಿ, ನಮಗಂತೂ ಉಪಯೋಗ ಇಲ್ಲ" ಅಂದರು. ಗಟ್ಟಿ ಇದ್ದ ಮೂರು ತುಂಡು ಕೂಡಿಸಿದರೆ 4.8 ಮೀಟರ್. ತುದಿಗೆ ಸೈಕಲ್ಲಿನ ಬಾಟಲಿ ಹಿಡಿಯುವ ತಂತಿ ಕಟ್ಟಿದೆ. ಒಟ್ಟು ಖರ್ಚು 350 ರೂಪಾಯಿ.

ಆಮೇಲೆ ಅಭ್ಯಾಸ. ಕಾಳಿ ನದಿಯ ಬಾಯಲ್ಲಿ ಇಳಿತದ ಹೊತ್ತಿಗೆ ಸೆಳೆತ ಜೋರು. ಅಲ್ಲಿ ಬೋಟು ಲಂಗರು ಹಾಕಿ, ಇನ್ನೊಂದು ದೋಣಿ ಕೆಳಗೆ ಕಾವಲಿಗೆ ಇಟ್ಟು, ಅವಳು ಎದುರು ಸೆಳೆತಕ್ಕೆ ಬಂದು ಲೋಟ ಎಳೆಯಬೇಕು, ಮಗುಚಿ ಅಂಗಾತ ಆಗಬೇಕು, ಎರಡು ಗುಟುಕು, ಲೋಟ ಬಿಸಾಕಿ ಮತ್ತೆ ತಿರುಗಬೇಕು. ಶುರುವಿಗೆ 9 ಸೆಕೆಂಡ್. ನೂರು ಸಲವಾದರೂ ತಪ್ಪಿದ್ದಾಳೆ, ಮೂಗಿಗೆ ಹೋಗಿ ಕೆಮ್ಮಿ ಅತ್ತಿದ್ದಾಳೆ. ಮಾರ್ಚ್ ಹೊತ್ತಿಗೆ ಮೂರೂವರೆ. 2024ರಲ್ಲಿ ಪ್ಯಾರಿಸ್‌ನ ಸೆನ್ ನದಿಯಲ್ಲಿ ಎದುರು ಸೆಳೆತಕ್ಕೆ ಎಲ್ಲರೂ ದಡ ಒತ್ತಿಕೊಂಡು ಈಜಿದ್ದನ್ನು ಟೀವಿಯಲ್ಲಿ ನೋಡಿದವರಿಗೆ ನಾನು ಕಾಳಿ ಬಾಯಿಗೇ ಯಾಕೆ ಹೋದೆ ಅನ್ನೋದು ಗೊತ್ತಾಗುತ್ತದೆ.

ಹೊರದೇಶದ ರೇಸಿಗೆ ಹೋಗುವಾಗ ದೋಟಿಯನ್ನು ಪಿವಿಸಿ ಪೈಪಿನೊಳಗೆ ಹಾಕಿದೆ, ಉದ್ದ ಜಾಸ್ತಿ ಅಂತ ವಿಮಾನದವರು ಆರೂವರೆ ಸಾವಿರ ಕಿತ್ತರು. ಜೋನಿ ಬೆಲ್ಲದ ಬಾಟಲಿ ಚೀಲದಲ್ಲೇ ಸೋರಿ ಈಜುಡುಗೆಗೆಲ್ಲ ಮೆತ್ತಿತ್ತು, ರಾತ್ರಿ ಹನ್ನೆರಡರವರೆಗೆ ತೊಳೆದೆವು. ಪುಣ್ಯಕ್ಕೆ ಒಂದು ಅಚ್ಚು ಬೆಲ್ಲ ಇಟ್ಟುಕೊಂಡಿದ್ದೆ. ಈಗ ಅಚ್ಚನ್ನೇ ಒಯ್ಯುತ್ತೇನೆ.

ಪಾಂಟೂನಿನ ಮೇಲೆ ಇಪ್ಪತ್ತು-ಮೂವತ್ತು ಕೋಲು, ಎಲ್ಲರದ್ದೂ ಕೂಗು. ಅದರಲ್ಲಿ ನಮ್ಮ ಹುಡುಗಿ ನನ್ನ ಕೋಲನ್ನೇ ಹುಡುಕಿದ್ದು ಹೇಗೆ ಅನ್ನೋದು ನಮ್ಮಿಬ್ಬರಲ್ಲೇ ಇರಲಿ. ಆರು ಸುತ್ತಿನಲ್ಲಿ ನಾಲ್ಕು ಸಲ ಕುಡಿದಳು, ನಾಲ್ಕೂ ಸಲ ಲೋಟ ಸಿಕ್ಕಿತು. ಹಿಂದಿನ ವರ್ಷ ಮೂರರಲ್ಲಿ ಎರಡು ತಪ್ಪಿತ್ತು. ಆಗ 2 ಗಂಟೆ 21 ನಿಮಿಷ, ಈ ಸಲ 2 ಗಂಟೆ 12ರ ಹತ್ತಿರ. ಐವತ್ತು ಜನರಲ್ಲಿ 30ರೊಳಗೆ ಬಂದಳು. ಕೊನೆಯ ಸುತ್ತಿನಲ್ಲಿ ಏಳು ಜನರನ್ನು ಹಿಂದೆ ಹಾಕಿದ್ದನ್ನು ನಾನೇ ಎಣಿಸಿದ್ದೇನೆ. ರೇಸ್ ಮುಗಿದ ಮೇಲೆ ಇನ್ನೊಂದು ದೇಶದ ಕೋಚ್ ಬಂದು ದೋಟಿಯನ್ನು ಎತ್ತಿ ನೋಡಿ, ಎಲ್ಲಿ ಸಿಗುತ್ತದೆ ಅಂತ ಕೇಳಿದ. ಅಡಿಕೆ ಮರದ ಫೋಟೋ ತೋರಿಸಿದೆ.

ಎರಡನೇ ತುಂಡಿನ ಜೋಡಣೆ ಈಗ ಸಡಿಲಾಗಿದೆ. ಸಿರಸಿ, ಸಿದ್ದಾಪುರದ ಕಡೆಯವರು ಯಾರಾದರೂ ಓದುತ್ತಿದ್ದರೆ, ಮುರಿದ ದೋಟಿ ಬಿಸಾಡಬೇಡಿ, ನನಗೆ ತಿಳಿಸಿ. ಬಸ್ಸಿಗೆ ಹಾಕಿದರೂ ಸಾಕು, ಬಾಡಿಗೆ ನಾನು ಕೊಡುತ್ತೇನೆ.