‘ಹೋದ ಸಲ ತಕ್ಕೊಂಡೋದ ರಕ್ತ ಏನಾಯ್ತು?’

ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿಗೆ, ಅಂದರೆ ಸೋಲಿಗ ಬುಡಕಟ್ಟಿನವರ ಪುಟ್ಟ ಊರಿಗೆ, ನಾವು ಮೊದಲ ಸಲ ಹೋದಾಗ ಚೀಲದಲ್ಲಿ ಎಲ್ಲ ಸಿದ್ಧವಾಗಿತ್ತು. ಪ್ರಶ್ನೆಗಳ ಹಾಳೆ, ಒಪ್ಪಿಗೆ ಪತ್ರ, ಬೆರಳು ಚುಚ್ಚುವ ಸೂಜಿ, ಐಸ್ ಡಬ್ಬಿ. ಸೋಲಿಗರಲ್ಲಿ ಸಿಕಲ್ ಸೆಲ್ ಕಾಯಿಲೆ ಎಷ್ಟು ಜನಕ್ಕಿದೆ ಅಂತ ಲೆಕ್ಕ ಹಾಕೋದು ನಮ್ಮ ಕೆಲಸ. ಕೆಂಪು ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ ನೋವು ಕೊಡುವ, ಅಪ್ಪ ಅಮ್ಮನಿಂದ ಬರುವ ಕಾಯಿಲೆ ಅದು. ಯಜಮಾನರು ಕೂರಿಸಿ, ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಮಾತ್ರ ಕೇಳಿದರು: "ಹೋದ ಸಲ ತಕ್ಕೊಂಡೋದ ರಕ್ತ ಏನಾಯ್ತು ಕೂಸೆ?"

ಹೋದ ಸಲ ಬಂದವರು ನಾವಲ್ಲ, ಬೇರೆ ಯಾರೋ. ಆದರೆ ಅಜ್ಜಿಗೆ ಅದೆಲ್ಲ ಒಂದೇ. ಜೀಪಲ್ಲಿ ಬರ್ತಾರೆ, ಚುಚ್ತಾರೆ, ಹೋಗ್ತಾರೆ. ನಮ್ಮ ದೇಶದಲ್ಲಿ ಸಿಕಲ್ ಸೆಲ್ ಗುಣ (ಹುಟ್ಟಿನಿಂದಲೇ ರಕ್ತದಲ್ಲಿ ಬರುವ ಈ ಕಾಯಿಲೆಯ ಅಂಶ) ಮೊದಲು ಪತ್ತೆಯಾಗಿದ್ದು 1952ರಲ್ಲಿ, ಹತ್ತಿರದ ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ. ಅಲ್ಲಿಂದೀಚೆಗೆ ಈ ಬೆಟ್ಟಗಳಿಂದ ಎಷ್ಟೋ ಸೀಸೆ ರಕ್ತ ಕೆಳಗಿಳಿದಿದೆ. ಮೇಲಕ್ಕೆ ಹತ್ತಿ ಬಂದ ರಿಪೋರ್ಟು ಕಡಿಮೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಚೀಲ ಬಿಚ್ಚದೇ ವಾಪಸ್ ಬಂದೆವು.

ಎರಡನೇ ಸಲ ಚೀಲವನ್ನೇ ಒಯ್ಯಲಿಲ್ಲ. ಸುಮ್ನೆ ಕೂತು ಕೇಳಿದೆವು: ಈ ಕಾಯಿಲೆ ಬಗ್ಗೆ ನಿಮಗೇನು ಗೊತ್ತಾಗಬೇಕು? ಎಷ್ಟು ಜನಕ್ಕಿದೆ ಅನ್ನೋದು ಯಾರಿಗೂ ಬೇಕಿರಲಿಲ್ಲ. ಹೆಂಗಸರು ಕೇಳಿದ್ದು ಎರಡೇ. ರಾತ್ರಿ ಮಗು ಕೈಕಾಲು ನೋವು ಅಂತ ಚೀರಿದರೆ, ರಸ್ತೆಯಲ್ಲಿ ಆನೆ ಇದ್ದರೆ, ಆಸ್ಪತ್ರೆಗೆ ಹೋಗೋದು ಹೇಗೆ? ಮತ್ತೆ, ಹೆಣ್ಣಿಗೆ ಈ ಗುಣ ಇದೆ ಅಂತ ಗೊತ್ತಾದರೆ ಗಂಡು ಸಿಕ್ಕುತ್ತಾನಾ?

ಅಧ್ಯಯನದ ಅರ್ಧ ಭಾಗ ಅಲ್ಲೇ ಬದಲಾಯಿತು. ನೋವು ಶುರುವಾಗಿದ್ದು ಎಷ್ಟು ಹೊತ್ತಿಗೆ, ಗಾಡಿ ಸಿಕ್ಕಿದ್ದು ಯಾವಾಗ, ಮೊದಲ ಔಷಧಿ ಬಿದ್ದದ್ದು ಯಾವಾಗ ಅಂತ ಬರೆದಿಡಲು ಪೋಡಿನದೇ ಹುಡುಗ ಹುಡುಗಿಯರು ಮುಂದೆ ಬಂದರು. ಅವರಿಗೆ ದಿನಗೂಲಿ ಕೊಡಬೇಕು ಅಂದಾಗ ಲೆಕ್ಕದ ವಿಭಾಗದವರು ಅದಕ್ಕೆ ಕಾಲಮ್ಮೇ ಇಲ್ಲ ಅಂದರು. ಎರಡು ತಿಂಗಳು ಪತ್ರ ಓಡಾಡಿತು. ಕೊನೆಗೆ ‘ಸಲಹೆಗಾರರ ಶುಲ್ಕ’ ಅಂತ ಬರೆದು ಕೊಟ್ಟೆವು. ನಿಜ ಹೇಳಬೇಕಂದ್ರೆ ಅದೇ ಸರಿಯಾದ ಹೆಸರು.

ಹೆಬ್ಬೆಟ್ಟಿನದು ಇನ್ನೊಂದು ಕಥೆ. ಹೆಬ್ಬೆಟ್ಟು ಒತ್ತಬೇಕಾದ ನಮ್ಮ ಒಪ್ಪಿಗೆ ಪತ್ರ ನಾಲ್ಕು ಪುಟ ಇತ್ತು. 1974ರಲ್ಲಿ ಈ ಕಾಡು ಅಭಯಾರಣ್ಯವಾದ ಮೇಲೆ ಸೋಲಿಗರನ್ನು ಕಾಡಿನೊಳಗಿನ ಜಾಗಗಳಿಂದ ಎಬ್ಬಿಸಿ ಕಾಲೊನಿಗಳಿಗೆ ತಂದಿದ್ದರು. ಕಾಗದ ಕಂಡರೆ ಹಿರಿಯರು ಹಿಂದೆ ಸರಿಯೋದು ಸಹಜ ಅಲ್ವಾ? 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು, ಅದೇ ವರ್ಷ ಗ್ರಾಮಸಭೆಗಳಿಗೆ ಕಾಡಿನ ಮೇಲೆ ಸಮುದಾಯದ ಹಕ್ಕೂ ಸಿಕ್ಕಿತು. ಹಾಗಾಗಿ ಇಲ್ಲಿ ಗ್ರಾಮಸಭೆ ಬರೀ ಹೆಸರಿಗಿಲ್ಲ. ಮೊದಲು ಸಭೆಯ ಮುಂದೆ ಪತ್ರ ಓದಿದೆವು, ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆವು. ಸಭೆ ಹೂಂ ಅಂದರೂ ಪ್ರತಿಯೊಬ್ಬರ ಒಪ್ಪಿಗೆ ಬೇರೆಯಾಗೇ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಹೇಳುತ್ತದೆ. ಸಭೆಯಲ್ಲಿ ತಲೆಯಾಡಿಸಿದ್ದ ಒಬ್ಬ ಹುಡುಗಿ ಮನೆಯಲ್ಲಿ ಬೇಡ ಅಂದಳು. ಬೇಡ ಅಂತಲೇ ಬರೆದುಕೊಂಡೆವು.

ಇಷ್ಟೆಲ್ಲ ಆದ ಮೇಲೂ ನಾನು ಎಡವಿದೆ. ಮೊದಲ ಪರೀಕ್ಷೆ ಸುಲಭದ್ದು. ಗಾಜಿನ ನಳಿಕೆಯ ದ್ರಾವಣಕ್ಕೆ ಒಂದು ಹನಿ ರಕ್ತ ಬಿಟ್ಟು, ಗೆರೆ ಎಳೆದ ಕಾಗದದ ಮುಂದೆ ಹಿಡಿಯಬೇಕು. ಗೆರೆ ಕಂಡರೆ ಆ ಗುಣ ಇಲ್ಲ, ದ್ರಾವಣ ಕದಡಿ ಗೆರೆ ಮುಚ್ಚಿಹೋದರೆ ಇರಬಹುದು. ಬೆಳಕು ಚೆನ್ನಾಗಿದೆ ಅಂತ ಜಗಲಿ ಮೇಲೇ ಮಾಡಿದೆ. ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ನಾಲ್ಕನೇ ನಳಿಕೆಯಲ್ಲಿ ಗೆರೆ ಕಾಣಲಿಲ್ಲ. ಒಬ್ಬ ಹುಡುಗ ಆ ಹೆಣ್ಣುಮಗಳ ಹೆಸರು ಕೂಗುತ್ತಾ ಓಡಿದ. ಅವಳ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕಾಯಿಲೆ ಇರೋದಕ್ಕೂ ಬರೀ ಗುಣ ಇರೋದಕ್ಕೂ ಈ ಪರೀಕ್ಷೆಯಲ್ಲಿ ವ್ಯತ್ಯಾಸವೇ ತಿಳಿಯೋದಿಲ್ಲ. ಆದರೆ ಪೋಡಿಗೆಲ್ಲ ಸುದ್ದಿ ಹೋಗಿತ್ತು.

ಅವತ್ತು ಸಂಜೆ ಆ ತಾಯಿಯ ಮುಂದೆ ಕೂತು ತಪ್ಪಾಯಿತು ಅಂದೆ. ಅವರು ಮಾತಾಡಲಿಲ್ಲ. ಮರುದಿನ ಪೋಡಿನ ಹುಡುಗಿಯರೇ ಅಂಗನವಾಡಿಯ ಹಿಂದಿನ ಕೋಣೆ ಬಿಡಿಸಿಕೊಟ್ಟರು. ನಳಿಕೆಗೆ ಹೆಸರಿಲ್ಲ, ನಂಬರ್ ಮಾತ್ರ. ಲ್ಯಾಬಿನ ಪಕ್ಕಾ ರಿಪೋರ್ಟು ಬರುವ ತನಕ ಬಾಯಿ ಬಿಡೋ ಹಾಗಿಲ್ಲ. ಬಂದ ಮೇಲೂ ಅವರವರ ಮನೆಯಲ್ಲಿ, ಅವರಿಗೆ ಮಾತ್ರ.

ಬರೀ ಗುಣ ಇರುವವರಿಗೆ ನಾವು ಬಳಸುತ್ತಿದ್ದ ‘ವಾಹಕ’ ಅನ್ನೋ ಪದ ತೆಗೆಸಿದ್ದೂ ಆ ಹುಡುಗಿಯರೇ. ಅದು ಸೊಳ್ಳೆಗೆ ಹೇಳೋ ಮಾತಿನ ಹಾಗಿದೆ ಅಂದರು. ಹುರುಳಿ ಮತ್ತು ಅವರೆ ಕಾಳು ತಂದು ಆಟ ಕಟ್ಟಿದರು. ಹುರುಳಿ ಅಂದರೆ ಕಾಯಿಲೆಯ ಗುಣ. ಅಪ್ಪನ ಕೈಯಲ್ಲಿ ಎರಡು ಕಾಳು, ಅಮ್ಮನ ಕೈಯಲ್ಲಿ ಎರಡು. ಮಗು ಇಬ್ಬರಿಂದಲೂ ಕಣ್ಣು ಮುಚ್ಚಿ ಒಂದೊಂದು ತಗೋಬೇಕು. ಎರಡೂ ಹುರುಳಿ ಬಂದರೆ ಕಾಯಿಲೆ. ಒಂದೇ ಹುರುಳಿ ಬಂದರೆ ‘ಒಂದು ಕಾಳಿನವರು’, ಅವರು ಸಾಮಾನ್ಯವಾಗಿ ಆರಾಮಾಗೇ ಇರ್ತಾರೆ. ಅಪ್ಪ ಅಮ್ಮ ಇಬ್ಬರೂ ಒಂದು ಕಾಳಿನವರಾದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಅಂತ ನಾನು ಚಾರ್ಟ್ ಹಿಡಿದು ಹೇಳಿದಾಗ, ಮೊದಲ ಮಗುವಿಗೆ ಬಂದರೆ ಮುಂದಿನ ಮೂರಕ್ಕೆ ಬರಲ್ಲ ಅಂತ ಜನ ತಿಳಿದುಕೊಂಡಿದ್ದರು. ಆಟದಲ್ಲಿ ಒಬ್ಬಳಿಗೆ ಸತತ ಎರಡು ಸಲ ಜೋಡಿ ಹುರುಳಿ ಬಂತು. ಆಮೇಲೆ ಯಾರೂ ಆ ಮಾತು ಆಡಲಿಲ್ಲ.

ವರದಿ ಮುಗಿದ ಮೇಲೆ ಸಭೆಯಲ್ಲಿ ಓದಿದೆವು. ‘ಜನ ಆಸ್ಪತ್ರೆಗೆ ಹೋಗುವ ಮೊದಲು ದೇವರಿಗೆ ಹರಕೆ ಹೊರುತ್ತಾರೆ, ಇದರಿಂದ ಚಿಕಿತ್ಸೆ ತಡವಾಗುತ್ತದೆ’ ಅಂತ ಒಂದು ಸಾಲಿತ್ತು. ಮೊದಲ ದಿನದ ಅದೇ ಅಜ್ಜಿ ಕೈ ಎತ್ತಿದರು. ಸೋಲಿಗರಿಗೆ ಬಿಳಿಗಿರಿರಂಗ ಭಾವ, ಅವರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು. "ಗಾಡಿ ಬರೋ ಗಂಟ ಏನ್ ಮಾಡಾದು ಕೂಸೆ? ಭಾವನ್ನೇ ಕರೀಬೇಕು."

ಆ ಸಾಲು ಹೊಡೆದು ಹಾಕಿದೆವು. ಅದರ ಜಾಗದಲ್ಲಿ, ಹುಡುಗಿಯರ ನೋಟ್‌ಬುಕ್ ನೋಡಿಕೊಂಡು, ಗಾಡಿಗೆ ಕಾದ ಗಂಟೆಗಳನ್ನು ಬರೆದೆವು.